ನೆನಪೂ ಒಂದು ಅಮಾನತ್

ನಿಮ್ಮ ಮನೆಯಲ್ಲಿ ಪರೀಕ್ಷೆಗೆ ಓದುವ ಮಗನೋ ಮಗಳೋ ಇದ್ದರೆ ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತೀರಿ: "ಎಷ್ಟು ಓದಿದರೂ ಮರೆತುಹೋಗುತ್ತದೆ." ಹೇಳುವಾಗ ಮಕ್ಕಳ ಕಣ್ಣಲ್ಲಿ ನೀರಿರುತ್ತದೆ. ಆಗ ಹಿರಿಯರಾದ ನಾವು ಕೊಡುವ ಉತ್ತರ ಎರಡೇ. "ಇನ್ನೂ ಹೆಚ್ಚು ಓದು" ಎನ್ನುತ್ತೇವೆ. ಇಲ್ಲವೇ "ನಿನ್ನ ಗಮನ ಓದಿನ ಮೇಲಿಲ್ಲ" ಎಂದು ಗದರುತ್ತೇವೆ. ರಾತ್ರಿ ಬಾದಾಮಿ ನೆನೆಹಾಕಿ ಬೆಳಗ್ಗೆ ತಿನ್ನಿಸುವ ತಾಯಂದಿರೂ ಇದ್ದಾರೆ. ಆದರೆ ಮರೆವು ಎಂದರೇನು, ಅದು ದೋಷವೋ ಪಾಪವೋ ಅಥವಾ ಮನುಷ್ಯನ ಸಹಜ ಗುಣವೋ, ಕಲಿತದ್ದನ್ನು ಉಳಿಸಿಕೊಳ್ಳುವ ಹೊಣೆ ಯಾರದು ಎಂದು ಕುಳಿತು ಯೋಚಿಸುವವರು ಕಡಿಮೆ. ನಾನೂ ಯೋಚಿಸಿರಲಿಲ್ಲ. ಈ ಪ್ರಶ್ನೆಯನ್ನು ನನ್ನ ಮುಂದೆ ತಂದಿಟ್ಟವನು ಮದ್ರಸದಲ್ಲಿ ನನ್ನ ಬಳಿ ಓದಿದ ಒಬ್ಬ ಯುವಕ. ಅವನ ವಿಷಯದಿಂದಲೇ ಆರಂಭಿಸುತ್ತೇನೆ.

ಅವನು ಹಾಫಿಝ್. ಹಳೇ ಹುಬ್ಬಳ್ಳಿಯ ಒಂದು ಬಡ ಮನೆತನದ ಹುಡುಗ. ಹದಿಮೂರನೆಯ ವಯಸ್ಸಿಗೆ 30 ಪಾರಾಗಳನ್ನು ಕಂಠಪಾಠ ಮಾಡಿದ. ಬಳಿಕ ಶಾಲೆಗೆ ಸೇರಿ ಎಸ್ಸೆಸ್ಸೆಲ್ಸಿ, ಪಿಯುಸಿ, ಪದವಿ ಎಲ್ಲವನ್ನೂ ದಾಟಿದ. ಕೆಎಎಸ್ ಪರೀಕ್ಷೆ ಬರೆಯಬೇಕೆಂಬ ಆಸೆಯಿಂದ 2023ರ ಮಳೆಗಾಲದಲ್ಲಿ ಧಾರವಾಡದ ಸಪ್ತಾಪುರದಲ್ಲಿ ಒಂದು ಕೋಣೆ ಹಿಡಿದ. ಸಪ್ತಾಪುರವನ್ನು ಕಂಡವರಿಗೆ ಗೊತ್ತು: ಉತ್ತರ ಕರ್ನಾಟಕದ ಊರೂರುಗಳಿಂದ ಬಂದ ಯುವಕ ಯುವತಿಯರು ಅಲ್ಲಿನ ತರಬೇತಿ ಕೇಂದ್ರಗಳಲ್ಲಿ, ಓದುವ ಕೋಣೆಗಳಲ್ಲಿ ವರ್ಷಗಟ್ಟಲೆ ತಲೆ ತಗ್ಗಿಸಿ ಕುಳಿತಿರುತ್ತಾರೆ. ಒಬ್ಬೊಬ್ಬರ ಹಿಂದೆ ಒಂದೊಂದು ಮನೆಯ ಆಸೆ, ಒಂದೊಂದು ಮನೆಯ ಸಾಲ.

ಕೆಲವು ತಿಂಗಳ ಬಳಿಕ ಅವನು ನನ್ನನ್ನು ಕಾಣಲು ಬಂದ. ಮುಖ ಬಾಡಿತ್ತು. "ಹಝರತ್, ಸಂವಿಧಾನದ ಪುಸ್ತಕವನ್ನು ಮೂರು ಸಲ ಓದಿದೆ. ಪುಟ ನೋಡಿದರೆ ಎಲ್ಲವೂ ಪರಿಚಿತ. ಪುಸ್ತಕ ಮುಚ್ಚಿದರೆ ಏನೂ ಇಲ್ಲ. ನನ್ನ ತಲೆಯೇ ಕೆಟ್ಟಿದೆಯೋ ಏನೋ" ಎಂದ.

ನಾನು ಕೇಳಿದೆ: "30 ಪಾರಾಗಳು ಉಳಿದ ತಲೆಯಲ್ಲಿ 395 ವಿಧಿಗಳು ಏಕೆ ಉಳಿಯುವುದಿಲ್ಲ? ಹಿಫ್ಝ್ ಮಾಡುವಾಗ ಹೇಗೆ ಓದುತ್ತಿದ್ದೆ, ಹೇಳು."

"ಬೆಳಗ್ಗೆ ಸಬಕ್. ಆಮೇಲೆ ಸಬಕ್ ಪಾರಾ. ಮಧ್ಯಾಹ್ನದ ಮೇಲೆ ಆಮೂಖ್ತಾ."

"ಈಗ ಹೇಗೆ ಓದುತ್ತಿದ್ದೀಯ?"

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ನಕ್ಕುಬಿಟ್ಟ. "ಈಗ ಬರೀ ಸಬಕ್, ಹಝರತ್" ಎಂದ.

ಹಿರಿಯರು ತೋರಿದ ಹಾದಿ

ಮದ್ರಸದ ಪರಿಚಯವಿಲ್ಲದ ಓದುಗರಿಗಾಗಿ ಈ ಮೂರು ಪದಗಳನ್ನು ಬಿಡಿಸಿ ಹೇಳುತ್ತೇನೆ. ಸಬಕ್ ಎಂದರೆ ಇಂದಿನ ಹೊಸ ಪಾಠ. ಸಬಕ್ ಪಾರಾ ಎಂದರೆ ಇತ್ತೀಚಿನ ದಿನಗಳಲ್ಲಿ ಕಲಿತ, ಇನ್ನೂ ಹಸಿಯಾಗಿರುವ ಭಾಗ. ಅದನ್ನು ದಿನವೂ ಒಪ್ಪಿಸಬೇಕು. ಆಮೂಖ್ತಾ ಎಂದರೆ ಹಿಂದೆ ಕಲಿತು ಗಟ್ಟಿಯಾದ ಭಾಗ. ಅದನ್ನು ಸರದಿಯಂತೆ ಸ್ವಲ್ಪ ಸ್ವಲ್ಪವಾಗಿ ಮರಳಿ ಓದಬೇಕು. ಹೊಸದಕ್ಕೆ ಹೆಚ್ಚು ಸಲ, ಹಳೆಯದಕ್ಕೆ ಕಡಿಮೆ ಸಲ. ಆದರೆ ಯಾವುದನ್ನೂ ಪೂರ್ತಿ ಬಿಡುವಂತಿಲ್ಲ. ಹಿಫ್ಝ್‌ನ ಗುಟ್ಟು ಇಷ್ಟೇ. ಹಾಫಿಝರೆಲ್ಲರೂ ಅಸಾಧಾರಣ ಬುದ್ಧಿವಂತರಲ್ಲ. ಅವರು ಮರಳಿ ಓದಿದವರು.

ಮದ್ರಸಗಳಲ್ಲಿ ವಿದ್ಯಾರ್ಥಿಗಳಿಗೆ ಓದಿಸುವ 'ತಅ್‌ಲೀಮುಲ್ ಮುತಅಲ್ಲಿಮ್' ಎಂಬ ಚಿಕ್ಕ ಗ್ರಂಥವಿದೆ. ಅದನ್ನು ಬರೆದ ಇಮಾಮ್ ಝರ್ನೂಜಿಯವರು 'ಹಿದಾಯ'ದ ಕರ್ತೃ, 1197ರಲ್ಲಿ ನಿಧನರಾದ ಬುರ್ಹಾನುದ್ದೀನ್ ಮರ್ಗೀನಾನಿಯವರ ಶಿಷ್ಯರು. ಅಂದರೆ ಎಂಟು ನೂರು ವರ್ಷಗಳಷ್ಟು ಹಿಂದಿನ ಮಾತು. ಅದರಲ್ಲಿ ಅವರು ಪುನರಾವರ್ತನೆಗೆ ಒಂದು ಲೆಕ್ಕವನ್ನೇ ಕೊಟ್ಟಿದ್ದಾರೆ: ನಿನ್ನೆಯ ಪಾಠವನ್ನು ಐದು ಸಲ, ಮೊನ್ನೆಯದನ್ನು ನಾಲ್ಕು ಸಲ, ಅದರ ಹಿಂದಿನದನ್ನು ಮೂರು ಸಲ, ಅದಕ್ಕೂ ಹಿಂದಿನದನ್ನು ಎರಡು ಸಲ, ಅದರಾಚೆಯದನ್ನು ಒಂದು ಸಲ. ಪಾಠ ಹಳತಾದಂತೆ ಆವರ್ತನೆ ಇಳಿಯುತ್ತದೆ.

ಆ ಬಳಿಕ ಹಲವು ಶತಮಾನ ಕಳೆದು ಯುರೋಪಿನ ವಿದ್ವಾಂಸರು ಇದನ್ನು ಅಳೆದು ನೋಡಿದರು. ಜರ್ಮನಿಯ ಎಬ್ಬಿಂಗ್‌ಹಾಸ್ ಎಂಬವರು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆಂದು ಪರೀಕ್ಷಿಸಿ 1885ರಲ್ಲಿ ಪ್ರಕಟಿಸಿದರು. ಕಲಿತ ಒಂದು ಗಂಟೆಯೊಳಗೆ ಅರ್ಧಕ್ಕಿಂತ ಹೆಚ್ಚು ಜಾರಿಹೋಗಿತ್ತು. ಆಮೇಲೆ ಮರೆವಿನ ವೇಗ ನಿಧಾನವಾಗುತ್ತಾ ಹೋಯಿತು. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಸಂಶೋಧಕರು 2006ರಲ್ಲಿ ಇನ್ನೊಂದು ಸಂಗತಿಯನ್ನು ತೋರಿಸಿದರು. ಅವರು ವಿದ್ಯಾರ್ಥಿಗಳಿಗೆ ಪಾಠಗಳನ್ನು ಕೊಟ್ಟು, ಒಂದನ್ನು ಮತ್ತೊಮ್ಮೆ ಓದಲು ಹೇಳಿದರು. ಇನ್ನೊಂದನ್ನು ನೋಡದೆ ನೆನಪಿನಿಂದ ಬರೆಯಲು ಹೇಳಿದರು. ಐದು ನಿಮಿಷದ ಬಳಿಕ ನೋಡಿದಾಗ ಮತ್ತೊಮ್ಮೆ ಓದಿದ ಪಾಠವೇ ಹೆಚ್ಚು ನೆನಪಿತ್ತು. ಒಂದು ವಾರದ ಬಳಿಕ ನೋಡಿದಾಗ ಮತ್ತೊಮ್ಮೆ ಓದಿದ ಪಾಠ ಶೇ. 42ರಷ್ಟು ನೆನಪಿತ್ತು, ನೆನಪಿನಿಂದ ಬರೆದ ಪಾಠ ಶೇ. 56ರಷ್ಟು ನೆನಪಿತ್ತು.

ನನ್ನ ಶಿಷ್ಯನ ರೋಗ ಇಲ್ಲಿಯೇ ಇತ್ತು. ಪುಟದ ಪರಿಚಯವನ್ನು ಅವನು ಜ್ಞಾನವೆಂದು ನಂಬಿದ್ದ. ಬೀದಿಯಲ್ಲಿ ದಿನವೂ ಕಾಣುವ ಮುಖ ಪರಿಚಿತವಾಗಿರುತ್ತದೆ, ಹೆಸರು ಕೇಳಿದರೆ ಬರುವುದಿಲ್ಲ. ಮದ್ರಸದಲ್ಲಿ ಉಸ್ತಾದರ ಮುಂದೆ ಮುಸ್‌ಹಫ್ ಮುಚ್ಚಿ ಒಪ್ಪಿಸುತ್ತಿದ್ದುದರಿಂದ ಅಲ್ಲಿ ಈ ಭ್ರಮೆಗೆ ಎಡೆಯಿರಲಿಲ್ಲ.

ಐದು ಪೇಡೆ ಪೆಟ್ಟಿಗೆಗಳು

ಜರ್ಮನ್ ಭಾಷೆಯ ಲೇಖಕ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಒಂದು ಸರಳ ವಿಧಾನವನ್ನು ಜನಪ್ರಿಯಗೊಳಿಸಿದರು. ಚಿಕ್ಕ ಚಿಕ್ಕ ಚೀಟಿಗಳ ಒಂದು ಬದಿಗೆ ಪ್ರಶ್ನೆ, ಇನ್ನೊಂದು ಬದಿಗೆ ಉತ್ತರ. ಅವುಗಳನ್ನು ಇಡಲು ಐದು ಖಾನೆಗಳ ಒಂದು ಪೆಟ್ಟಿಗೆ. ನಾವಿಬ್ಬರೂ ಅದನ್ನು ನಮ್ಮ ಊರಿನ ಸಾಮಾನಿನಲ್ಲಿ ಮಾಡಿಕೊಂಡೆವು. ಹಳೆಯ ಮದುವೆ ಕಾರ್ಡುಗಳನ್ನು ಕತ್ತರಿಸಿ ಚೀಟಿ ಮಾಡಿದೆವು. ಧಾರವಾಡ ಪೇಡೆಯ ಖಾಲಿ ರಟ್ಟಿನ ಪೆಟ್ಟಿಗೆಗಳು ಐದು ಸಿಕ್ಕವು. ಖರ್ಚು ಏನೂ ಇಲ್ಲ.

ಹೊಸ ಚೀಟಿ ಮೊದಲನೆಯ ಪೆಟ್ಟಿಗೆಗೆ. ಅದನ್ನು ದಿನವೂ ನೋಡಬೇಕು. ಉತ್ತರ ಸರಿಯಾದರೆ ಚೀಟಿ ಎರಡನೆಯದಕ್ಕೆ ಹೋಗುತ್ತದೆ. ಅದು ಮೂರು ದಿನಕ್ಕೊಮ್ಮೆ. ಮತ್ತೆ ಸರಿಯಾದರೆ ಮೂರನೆಯದಕ್ಕೆ. ಅದು ಜುಮುಆದ ದಿನ, ವಾರಕ್ಕೊಮ್ಮೆ. ನಾಲ್ಕನೆಯದು ಹದಿನೈದು ದಿನಕ್ಕೊಮ್ಮೆ, ಐದನೆಯದು ತಿಂಗಳಿಗೊಮ್ಮೆ. ಯಾವ ಪೆಟ್ಟಿಗೆಯಲ್ಲಿ ತಪ್ಪಿದರೂ ಚೀಟಿ ಮರಳಿ ಮೊದಲನೆಯದಕ್ಕೇ ಬರಬೇಕು. ಒಂದು ಚೀಟಿಗೆ ಒಂದೇ ಪ್ರಶ್ನೆ. "21ಎ ವಿಧಿ ಏನು ಹೇಳುತ್ತದೆ?" ಎಂಬುದು ಒಂದು ಚೀಟಿ: 6ರಿಂದ 14 ವರ್ಷದ ಮಕ್ಕಳಿಗೆ ಉಚಿತ ಮತ್ತು ಕಡ್ಡಾಯ ಶಿಕ್ಷಣ. "ಅದನ್ನು ಸೇರಿಸಿದ ತಿದ್ದುಪಡಿ ಯಾವುದು?" ಎಂಬುದು ಇನ್ನೊಂದು: 86ನೆಯದು, 2002. ಎರಡನ್ನೂ ಒಂದೇ ಚೀಟಿಗೆ ತುರುಕಿದರೆ ಅರ್ಧ ಬಂದದ್ದನ್ನು ಪೂರ್ತಿ ಬಂತೆಂದು ಮನಸ್ಸು ಸುಳ್ಳು ಹೇಳುತ್ತದೆ.

ಇದೇ ಕೆಲಸವನ್ನು ಮಾಡುವ ಆಂಕಿ ಎಂಬ ತಂತ್ರಾಂಶವೂ ಇದೆ, 2006ರಿಂದ ಬಳಕೆಯಲ್ಲಿದೆ. ಯಾವ ಚೀಟಿಯನ್ನು ಎಂದು ತೋರಿಸಬೇಕೆಂಬ ಲೆಕ್ಕವನ್ನು ಅದೇ ಇಡುತ್ತದೆ. ಫೋನನ್ನು ಕೈಗೆತ್ತಿಕೊಂಡೂ ಮನಸ್ಸನ್ನು ಹತೋಟಿಯಲ್ಲಿ ಇಟ್ಟುಕೊಳ್ಳಬಲ್ಲವರು ಅದನ್ನು ಬಳಸಬಹುದು. ನನ್ನ ಶಿಷ್ಯ ರಟ್ಟಿನ ಪೆಟ್ಟಿಗೆಯನ್ನೇ ಆರಿಸಿಕೊಂಡ. "ಪೇಡೆ ಪೆಟ್ಟಿಗೆಗೆ ವಾಟ್ಸಾಪ್ ಬರುವುದಿಲ್ಲ" ಎಂಬುದು ಅವನ ಕಾರಣ.

ಚೀಟಿಯ ಹಿಂಬದಿ

ಇಲ್ಲಿಯವರೆಗೆ ಹೇಳಿದ್ದು ಓದುವ ಉಪಾಯ. ಈಗ ನಡತೆಯ ಮಾತಿಗೆ ಬರುತ್ತೇನೆ.

ಚೀಟಿಯನ್ನು ಕೈಯಲ್ಲಿ ಹಿಡಿದು ಪ್ರಶ್ನೆ ಓದಿದ ಆ ಕ್ಷಣವನ್ನು ಗಮನಿಸಿ. ಕೋಣೆಯಲ್ಲಿ ಇನ್ನಾರೂ ಇಲ್ಲ. ಉತ್ತರ ನಾಲಗೆಯ ತುದಿಯಲ್ಲಿ ಇದ್ದಂತಿದೆ, ಆದರೆ ಬರುತ್ತಿಲ್ಲ. ಬೆರಳು ತಾನಾಗಿಯೇ ಚೀಟಿಯನ್ನು ತಿರುಗಿಸುತ್ತದೆ. ಉತ್ತರ ಕಂಡೊಡನೆ ಮನಸ್ಸು ಹೇಳುತ್ತದೆ: "ಹೌದು, ಇದೇ, ನನಗೆ ಗೊತ್ತಿತ್ತು." ಚೀಟಿ ಮುಂದಿನ ಪೆಟ್ಟಿಗೆಗೆ ಹೋಗುತ್ತದೆ. ಯಾರಿಗೆ ಮೋಸವಾಯಿತು? ಶಿಕ್ಷಕರಿಗಲ್ಲ, ಪರೀಕ್ಷಕರಿಗಲ್ಲ. ತನಗೇ. ಅದು ತಿಳಿಯುವುದು ಮಾತ್ರ ತಿಂಗಳುಗಳ ಬಳಿಕ, ಪರೀಕ್ಷೆಯ ಕೊಠಡಿಯಲ್ಲಿ.

"ಗೊತ್ತಿತ್ತು" ಮತ್ತು "ಗೊತ್ತಿದೆ" ಎಂಬ ಎರಡು ಮಾತುಗಳ ನಡುವೆ ಪ್ರಾಮಾಣಿಕತೆಯ ಒಂದು ಹೊಳೆಯೇ ಹರಿಯುತ್ತದೆ. ನಮ್ಮ ಹಿರಿಯರು ಆ ಹೊಳೆಯನ್ನು ದಾಟಲು ಹೆದರಲಿಲ್ಲ. ಇಮಾಮ್ ಮಾಲಿಕ್‌(ರ)ರ ಬಳಿಗೆ ದೂರದಿಂದ ಪ್ರಶ್ನೆಗಳನ್ನು ಹೊತ್ತು ಬಂದವರಿಗೆ ಅವರು ಅನೇಕ ಪ್ರಶ್ನೆಗಳಿಗೆ 'ನನಗೆ ತಿಳಿಯದು' ಎಂದೇ ಉತ್ತರಿಸಿ ಕಳುಹಿಸಿದ್ದು ಪ್ರಸಿದ್ಧ. ಮದೀನದ ಇಮಾಮರಿಗೆ ಈ ಮಾತು ಹೇಳಲು ನಾಚಿಕೆಯಾಗಲಿಲ್ಲ. ಒಂಟಿ ಕೋಣೆಯಲ್ಲಿ ಒಂದು ಕಾಗದದ ಚೂರಿನ ಮುಂದೆ ಅದನ್ನು ಹೇಳಲು ನಮಗೆ ಕಷ್ಟವಾಗುತ್ತದೆ!

ಕೆಎಎಸ್ ಪೂರ್ವಭಾವಿ ಪರೀಕ್ಷೆಯಲ್ಲಿ ತಲಾ 200 ಅಂಕಗಳ ಎರಡು ಪತ್ರಿಕೆಗಳಿರುತ್ತವೆ. ತಪ್ಪು ಉತ್ತರಕ್ಕೆ ಆ ಪ್ರಶ್ನೆಯ ಅಂಕದ ಕಾಲು ಭಾಗ ಕಡಿತವಾಗುತ್ತದೆ. ತನಗೆ ಯಾವುದು ಗೊತ್ತು, ಯಾವುದು ಗೊತ್ತಿಲ್ಲ ಎಂಬ ತಿಳಿವು ಅಲ್ಲಿ ಅಂಕಕ್ಕೆ ಸಮ. ಆದರೆ ಸತ್ಯವಿಶ್ವಾಸಿಗೆ ಅದು ಅಂಕಕ್ಕಿಂತ ದೊಡ್ಡದು. ನಿಮ್ಮ ಲೆಕ್ಕ ಕೇಳಲ್ಪಡುವ ಮುನ್ನ ನೀವೇ ನಿಮ್ಮ ಲೆಕ್ಕ ನೋಡಿಕೊಳ್ಳಿರಿ ಎಂಬ ಅರ್ಥದ ಮಾತು ಉಮರ್‌(ರ)ರ ಹೆಸರಿನಲ್ಲಿ ವರದಿಯಾಗಿದೆ. ಪ್ರತಿದಿನ ಅರ್ಧ ಗಂಟೆ ಚೀಟಿಗಳ ಮುಂದೆ ಪ್ರಾಮಾಣಿಕನಾಗಿ ಕೂರುವುದು ಮುಹಾಸಬದ ಒಂದು ಚಿಕ್ಕ ಅಭ್ಯಾಸ. ಯಾರೂ ನೋಡದಿರುವಾಗ ಚೀಟಿಯನ್ನು ಬೇಗ ತಿರುಗಿಸದವನು, ನಾಳೆ ಯಾರೂ ನೋಡದ ಕಡತದ ಮುಂದೆಯೂ ಕೈ ಬಿಗಿಹಿಡಿಯಬಲ್ಲ.

ಇದು ಉತ್ಪ್ರೇಕ್ಷೆಯೆಂದು ತೋರಿದರೆ ನಮ್ಮ ರಾಜ್ಯದ್ದೇ ಒಂದು ಘಟನೆಯನ್ನು ನೆನೆಯಿರಿ. 2021ರ ಅಕ್ಟೋಬರ್‌ನಲ್ಲಿ 545 ಪಿಎಸ್‌ಐ ಹುದ್ದೆಗಳಿಗೆ ಪರೀಕ್ಷೆ ನಡೆಯಿತು. ಐವತ್ತು ಸಾವಿರಕ್ಕೂ ಮಿಕ್ಕಿದ ಅಭ್ಯರ್ಥಿಗಳು ಬರೆದರು. ಅಕ್ರಮ ಬಯಲಾಗಿ 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆಯೇ ರದ್ದಾಯಿತು. ಹಗಲಿರುಳು ಓದಿದವರ ಬೆವರೂ ಕಳ್ಳರ ಲೆಕ್ಕದಲ್ಲಿ ಕೊಚ್ಚಿಹೋಯಿತು. ವಂಚಿಸುವವನು ನಮ್ಮವನಲ್ಲ ಎಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದು (ಮುಸ್ಲಿಮ್) ಧಾನ್ಯದ ರಾಶಿಯ ಅಡಿಯಲ್ಲಿ ಒದ್ದೆ ಧಾನ್ಯ ಮುಚ್ಚಿಟ್ಟ ವ್ಯಾಪಾರಿಯ ಮುಂದೆ. ಮೇಲೆ ಒಣಗಿದ್ದು, ಒಳಗೆ ಒದ್ದೆ. ಓದದೆಯೇ ಓದಿದವನಂತೆ ಕಾಣುವುದೂ ಅದೇ ಜಾತಿಯ ರಾಶಿ. ಮೊದಲ ಹಿಡಿ ಒದ್ದೆ ಧಾನ್ಯ ಬೀಳುವುದು ಒಂಟಿಯಾಗಿ ಓದುವ ಕೋಣೆಯಲ್ಲೇ.

ಇದು ಗಿಳಿಪಾಠವಲ್ಲವೇ?

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಒಂದು ಆಧುನಿಕರದು: ಇದೆಲ್ಲ ಗಿಳಿಪಾಠ, ಅರ್ಥವಾಗುವುದೇ ಮುಖ್ಯ. ಈ ಮಾತಿನಲ್ಲಿ ಸತ್ಯವಿದೆ. ಅದನ್ನು ನಮ್ಮವರೇ ಬಹಳ ಹಿಂದೆ ಹೇಳಿದ್ದಾರೆ. 14ನೆಯ ಶತಮಾನದ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮ'ದಲ್ಲಿ, ವರ್ಷಗಟ್ಟಲೆ ಪಾಠಸಭೆಗಳಲ್ಲಿ ಮೌನವಾಗಿ ಕುಳಿತು ಕಂಠಪಾಠ ಮಾಡಿದರೂ ಚರ್ಚಿಸುವ ಸಾಮರ್ಥ್ಯ ಬಾರದ ವಿದ್ಯಾರ್ಥಿಗಳ ಬಗ್ಗೆ ಮರುಗಿದ್ದಾರೆ. ಪಾಠಗಳ ನಡುವೆ ದೀರ್ಘ ಅಂತರ ಬಿಟ್ಟರೆ ಮರೆವು ಬರುತ್ತದೆಂದೂ ಅವರೇ ಎಚ್ಚರಿಸಿದ್ದಾರೆ. ಒಂದು ಗಂಟೆಯ ಚರ್ಚೆ ಒಂದು ತಿಂಗಳ ಪುನರಾವರ್ತನೆಗಿಂತ ಮೇಲು ಎಂಬ ಆಶಯದ ಮಾತು ಝರ್ನೂಜಿಯವರ ಗ್ರಂಥದಲ್ಲೂ ಇದೆ. ಆದುದರಿಂದ ಅರ್ಥವಾಗದ್ದನ್ನು ಚೀಟಿಗೆ ಇಳಿಸಬಾರದು. ಮೊದಲು ತಿಳಿಯಬೇಕು, ಆಮೇಲೆ ಚೀಟಿ ಬರೆಯಬೇಕು, ಬಳಿಕ ಗೆಳೆಯನೊಡನೆ ಚರ್ಚಿಸಬೇಕು. ಚೀಟಿ ಗೋಡೆಯ ಇಟ್ಟಿಗೆ. ಮನೆ ಕಟ್ಟುವುದು ಬೇರೆ ಕೆಲಸ. ಆದರೆ ಇಟ್ಟಿಗೆಯೇ ಇಲ್ಲದೆ ಮನೆಯ ಮಾತಾಡುವವರೂ ನಮ್ಮಲ್ಲಿ ಬಹಳ ಮಂದಿ.

ಎರಡನೆಯ ಆಕ್ಷೇಪ ನಮ್ಮ ಮೊಹಲ್ಲಾದ ಹಿರಿಯರದು. "ಕುರ್‌ಆನ್ ಕಂಠಪಾಠ ಮಾಡಿದ ಹುಡುಗ ಸರ್ಕಾರಿ ನೌಕರಿಗಾಗಿ ವಿಧಿ, ತಿದ್ದುಪಡಿ ಎಂದು ಉರು ಹೊಡೆಯುತ್ತಾ ಕೂರಬೇಕೇ?" ಎಂದು ಒಬ್ಬ ಚಾಚಾ ನನ್ನನ್ನೇ ಕೇಳಿದರು. ನಾನು ಅವರಿಗೆ ಝೈದ್ ಬಿನ್ ಸಾಬಿತ್‌(ರ)ರನ್ನು ನೆನಪಿಸಿದೆ. ಪ್ರವಾದಿವರ್ಯರು(ಸ) ಯಹೂದಿಯರ ಲಿಪಿಯನ್ನು ಕಲಿಯುವಂತೆ ಅವರಿಗೆ ಆದೇಶಿಸಿದರು. ಪತ್ರವ್ಯವಹಾರಕ್ಕೆ ಅದು ಬೇಕಿತ್ತು. ಅವರು ಅರ್ಧ ತಿಂಗಳಲ್ಲಿ ಕಲಿತರು (ತಿರ್ಮಿದಿ). ದಿವ್ಯವಾಣಿಯನ್ನು ಬರೆದುಕೊಳ್ಳುತ್ತಿದ್ದ ಅದೇ ಕೈ ಪತ್ರವ್ಯವಹಾರದ ಲಿಪಿಯನ್ನೂ ಬರೆಯಿತು. ತಹಶೀಲ್ದಾರರ ಕಚೇರಿಯಲ್ಲಿ ವಿಧವೆಯ ಅರ್ಜಿಯನ್ನು ನ್ಯಾಯವಾಗಿ ನೋಡುವ ಒಬ್ಬ ಅಧಿಕಾರಿ ಬೇಕೆಂದಾದರೆ, ಅವನಿಗೆ ಕಾನೂನು ನೆನಪಿರಲೇಬೇಕು. ಪ್ರವಾದಿವರ್ಯರು(ಸ) ಅಭಯ ಬೇಡಿದ್ದು ಉಪಯೋಗವಿಲ್ಲದ ಜ್ಞಾನದಿಂದ (ಮುಸ್ಲಿಮ್). ಜನರಿಗೆ ಉಪಯೋಗವಾಗುವ ಜ್ಞಾನದಿಂದಲ್ಲ. ನಿಯ್ಯತ್ ಶುದ್ಧವಾಗಿರಲಿ ಎಂಬುದಷ್ಟೇ ಶರತ್ತು.

ಚಾಚಾ ಒಪ್ಪಿದರು. ಆದರೆ ಹೋಗುವಾಗ ಒಂದು ಮಾತು ಹೇಳಿದರು: "ಅದು ಸರಿ ಮೌಲಾನಾ. ಇದು ಉಳಿಯುವಾಗ ಅದು ಹೋಗದಿರಲಿ." ಆಗ ನಾನು ಆ ಮಾತಿಗೆ ಕಿವಿಗೊಡಲಿಲ್ಲ.

ಜಾರಿಹೋದದ್ದು

2024ರ ಆಗಸ್ಟ್ 27ರಂದು ಕೆಎಎಸ್ ಪೂರ್ವಭಾವಿ ಪರೀಕ್ಷೆ ನಡೆಯಿತು. ಅದು ರದ್ದಾಗಿ ಡಿಸೆಂಬರ್ 29ರಂದು ಮರುಪರೀಕ್ಷೆಯಾಯಿತು. ಮಧ್ಯೆ ನಾಲ್ಕು ತಿಂಗಳು. ಕೊನೆಯ ವಾರದಲ್ಲಿ ನಿದ್ದೆಗೆಟ್ಟು ತುಂಬಿಕೊಂಡವರು ಮತ್ತೆ ಮೊದಲಿನಿಂದ ಆರಂಭಿಸಬೇಕಾಯಿತು. ನನ್ನ ಶಿಷ್ಯ ದಿನಕ್ಕೆ ಅರ್ಧ ಗಂಟೆಯಂತೆ ಪೆಟ್ಟಿಗೆಗಳನ್ನು ತಿರುವುತ್ತಾ ನಿಶ್ಚಿಂತನಾಗಿದ್ದ. ಪೂರ್ವಭಾವಿಯಲ್ಲಿ ತೇರ್ಗಡೆಯಾದ. ಮನೆಯಲ್ಲಿ ಪೇಡೆ ಹಂಚಿದರು. ನನಗೂ ಒಂದು ಪೆಟ್ಟಿಗೆ ಬಂತು. ಸಂತೋಷಪಟ್ಟೆ. ಮನಸ್ಸಿನ ಮೂಲೆಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

2025ರ ಮಾರ್ಚ್ ಆರಂಭದಲ್ಲಿ ರಮಝಾನ್ ಬಂತು. ಮಸೀದಿಯ ಮುತವಲ್ಲಿ ಅವನನ್ನು ತರಾವೀಹ್‌ಗೆ ಕರೆದರು. ಅವನು ಏನೋ ನೆಪ ಹೇಳಿ ತಪ್ಪಿಸಿಕೊಂಡ. ಮರುದಿನ ನನ್ನ ಬಳಿ ಬಂದು ಬಾಗಿಲ ಬಳಿಯೇ ನಿಂತ. ಒಳಗೆ ಬಾ ಎಂದರೂ ಬರಲಿಲ್ಲ. ಕೊನೆಗೆ ಹೇಳಿದ: "ಹಝರತ್, ಎಂಟು ಹತ್ತು ಪಾರಾಗಳು ಕೈಬಿಟ್ಟಿವೆ. ಒಂದು ಸೂರಃ ಆರಂಭಿಸಿದರೆ ಇನ್ನೊಂದರೊಳಗೆ ಹೋಗಿಬಿಡುತ್ತೇನೆ. ಫಜ್ರ್ ಬಳಿಕ ಓದುತ್ತಿದ್ದ ಆಮೂಖ್ತಾದ ಹೊತ್ತನ್ನೇ ನಾನು ಚೀಟಿಗಳಿಗೆ ಕೊಟ್ಟುಬಿಟ್ಟೆ."

ಪ್ರಿಯ ಓದುಗರೇ, ಆ ಕ್ಷಣದಲ್ಲಿ ನಾನು ಅವನನ್ನು ಗದರಬಹುದಿತ್ತು. ನಾಲಗೆ ಬರಲಿಲ್ಲ. ಏಕೆಂದರೆ ಒಂದೂವರೆ ವರ್ಷ ಅವನು ನನ್ನಲ್ಲಿಗೆ ಬಂದಾಗಲೆಲ್ಲ ನಾನು ಕೇಳಿದ್ದು ಒಂದೇ ಪ್ರಶ್ನೆ: "ಐದನೆಯ ಪೆಟ್ಟಿಗೆಗೆ ಎಷ್ಟು ಚೀಟಿ ಬಂದವು?" ಒಂದು ದಿನವಾದರೂ "ಬಾ, ಅರ್ಧ ಪಾರಾ ಓದು, ಕೇಳುತ್ತೇನೆ" ಎನ್ನಲಿಲ್ಲ. ಕುರ್‌ಆನ್ ಕಲಿಸಿದ ಉಸ್ತಾದನೇ ಕುರ್‌ಆನಿನ ಬಗ್ಗೆ ಕೇಳದಿದ್ದರೆ ಶಿಷ್ಯ ಯಾರಿಗೆ ಉತ್ತರಿಸಬೇಕು?

ಕುರ್‌ಆನ್ ಕಲಿತವನನ್ನು ಪ್ರವಾದಿವರ್ಯರು(ಸ) ಕಾಲು ಕಟ್ಟಿದ ಒಂಟೆಗಳ ಒಡೆಯನಿಗೆ ಹೋಲಿಸಿದ್ದಾರೆ. ನೋಡಿಕೊಳ್ಳುತ್ತಿದ್ದರೆ ಅವು ಉಳಿಯುತ್ತವೆ, ಬಿಟ್ಟರೆ ಹೊರಟುಹೋಗುತ್ತವೆ. ಹಗ್ಗ ಬಿಚ್ಚಿದ ಒಂಟೆಗಿಂತಲೂ ವೇಗವಾಗಿ ಅದು ಜಾರುತ್ತದೆಂದು ಎಚ್ಚರಿಸಿದ್ದಾರೆ (ಬುಖಾರಿ, ಮುಸ್ಲಿಮ್). ಈ ಹದೀಸನ್ನು ನಾನು ಎಷ್ಟೋ ತರಗತಿಗಳಲ್ಲಿ ಹೇಳಿದ್ದೇನೆ. ಒಂಟೆ ನನ್ನ ಕಣ್ಣೆದುರೇ ಹಗ್ಗ ಬಿಚ್ಚಿಕೊಂಡಾಗ ನಾನು ಚೀಟಿ ಎಣಿಸುತ್ತಿದ್ದೆ.

ಮರೆವು ಪಾಪವೇ?

ಅವನು ಕೇಳಿದ: "ಇದು ದೊಡ್ಡ ಪಾಪವೇ ಹಝರತ್?" ಕುರ್‌ಆನ್ ಕಲಿತು ಮರೆಯುವುದನ್ನು ಮಹಾಪಾಪವೆನ್ನುವ ಒಂದು ವರದಿ ಜನರ ಬಾಯಲ್ಲಿದೆ. ಅದನ್ನು ಉಲ್ಲೇಖಿಸಿದ ಇಮಾಮ್ ತಿರ್ಮಿದಿಯವರೇ ಅದನ್ನು 'ಗರೀಬ್' ಎಂದಿದ್ದಾರೆ. ಅದರ ಪರಂಪರೆಯಲ್ಲಿ ದೌರ್ಬಲ್ಯವಿದೆಯೆಂದು ವಿದ್ವಾಂಸರು ತೋರಿಸಿದ್ದಾರೆ. ಇನ್ನೊಂದೆಡೆ ಸಹೀಹ್ ಗ್ರಂಥಗಳಲ್ಲಿ ಒಂದು ಘಟನೆಯಿದೆ. ಒಂದು ರಾತ್ರಿ ಒಬ್ಬರು ಕುರ್‌ಆನ್ ಓದುವುದನ್ನು ಪ್ರವಾದಿವರ್ಯರು(ಸ) ಕೇಳಿಸಿಕೊಂಡು, ಅಲ್ಲಾಹನು ಅವನ ಮೇಲೆ ಕರುಣೆ ತೋರಲಿ, ನನಗೆ ಬಿಟ್ಟುಹೋಗಿದ್ದ ಸೂಕ್ತಗಳನ್ನು ಅವನು ನೆನಪಿಸಿದನು ಎಂಬರ್ಥದಲ್ಲಿ ಪ್ರಾರ್ಥಿಸಿದರು (ಬುಖಾರಿ, ಮುಸ್ಲಿಮ್). ಮರೆವು ಮನುಷ್ಯಸಹಜ. ಆದಿಪಿತ ಆದಮ್‌(ಅ)ರೂ ಮರೆತರೆಂದು ಸೂರಃ ತ್ವಾಹಾ ಹೇಳುತ್ತದೆ. 'ಇನ್ಸಾನ್' ಎಂಬ ಪದ ಮರೆವು ಎಂಬರ್ಥದ 'ನಿಸ್ಯಾನ್'ನಿಂದಲೇ ಬಂದಿತೆಂದು ಕೆಲವು ಭಾಷಾವಿದರು ಹೇಳಿದ್ದುಂಟು.

ಹಾಗಾದರೆ ಹೊಣೆ ಎಲ್ಲಿದೆ? ಮರೆವಿನಲ್ಲಿಲ್ಲ, ಮರಳಿ ನೋಡದಿರುವುದರಲ್ಲಿದೆ. ನೆನಪು ಅಲ್ಲಾಹನು ನಮ್ಮ ಬಳಿ ಇಟ್ಟ ಅಮಾನತ್. ಸರ್ಕಾರಿ ಕನ್ನಡದಲ್ಲಿ 'ಅಮಾನತು' ಎಂದರೆ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಡುವುದು. ನಮ್ಮ ಮನೆಯ ಮಾತಿನಲ್ಲಿ ಅದು ನಂಬಿ ಒಪ್ಪಿಸಿದ ಸೊತ್ತು. ಮೊದಲನೆಯದನ್ನು ತಪ್ಪಿಸಿಕೊಳ್ಳಬೇಕಾದರೆ ಎರಡನೆಯದನ್ನು ಕಾಯಬೇಕು. ನೆರೆಯವರು ಹಜ್ಜ್‌ಗೆ ಹೋಗುವಾಗ ಕೊಟ್ಟ ಬೀಗದ ಕೈಯನ್ನು ಎಲ್ಲೋ ಇಟ್ಟು ಮರೆತರೆ ಅದು ಆಕಸ್ಮಿಕ. ನಲವತ್ತು ದಿನ ಆ ಮನೆಯ ಕಡೆ ತಿರುಗಿಯೂ ನೋಡದಿದ್ದರೆ ಅದು ಆಕಸ್ಮಿಕವಲ್ಲ.

ಅಲ್ಲಾಹನು ತನ್ನ ವಚನವನ್ನು ಒಂದೇ ಸಲಕ್ಕೆ ಇಳಿಸಲಿಲ್ಲ. 23 ವರ್ಷಗಳ ಅವಧಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಇಳಿಸಿದನು. ಅದರಿಂದ ಪ್ರವಾದಿಯ(ಸ) ಹೃದಯ ದೃಢವಾಗಲೆಂಬ ಕಾರಣವನ್ನು ಸೂರಃ ಅಲ್ ಫುರ್ಕಾನ್ ತಿಳಿಸುತ್ತದೆ. ಪ್ರತಿ ರಮಝಾನಿನಲ್ಲಿ ಜಿಬ್ರೀಲ್‌(ಅ)ರು ಬಂದು ಅವರೊಡನೆ ಕುರ್‌ಆನನ್ನು ಪುನರಾವರ್ತಿಸುತ್ತಿದ್ದರು. ಕೊನೆಯ ವರ್ಷ ಎರಡು ಸಲ (ಬುಖಾರಿ). ದಿವ್ಯವಾಣಿ ಪಡೆದವರಿಗೂ ಮರಳಿ ಓದುವುದು ಬೇಕಿತ್ತೆಂದಾದರೆ ನಾವು ನೀವು ಯಾವ ಲೆಕ್ಕ? ಐದು ಹೊತ್ತಿನ ಕಡ್ಡಾಯ ನಮಾಝ್‌ನ 17 ರಕಅತ್‌ಗಳಲ್ಲಿ 17 ಸಲ ಸೂರಃ ಫಾತಿಹ. ಗೊತ್ತಿಲ್ಲವೆಂದು ಓದುವುದಲ್ಲ, ಗೊತ್ತಿರುವುದು ಕೈಬಿಡಬಾರದೆಂದು ಓದುವುದು.

ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ?

ಮರುದಿನ ಫಜ್ರ್ ನಮಾಝ್ ಬಳಿಕ ನಾವಿಬ್ಬರೂ ಮಸೀದಿಯ ಮೂಲೆಯಲ್ಲಿ ಕುಳಿತೆವು. ಅವನು ಓದಿದ, ನಾನು ಮುಸ್‌ಹಫ್ ಹಿಡಿದು ಕೇಳಿದೆ. ತಪ್ಪಿದ ಪಾರಾ ಮೊದಲನೆಯ ಪೆಟ್ಟಿಗೆಗೆ, ಅಂದರೆ ದಿನವೂ. ಗಟ್ಟಿಯಾಗಿ ಉಳಿದದ್ದು ಏಳು ಮಂಝಿಲ್‌ಗಳ ಲೆಕ್ಕದಲ್ಲಿ ವಾರಕ್ಕೊಮ್ಮೆ. ಚೀಟಿಗಳ ಹೊತ್ತನ್ನು ಇಶಾದ ನಂತರಕ್ಕೆ ಸರಿಸಿದೆವು. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಸುಮಾರು 20 ಕಿಲೋಮೀಟರ್. ಬಸ್ಸಿನಲ್ಲಿ ಹೋಗುವ ಆ ಹೊತ್ತೂ ಒಂದಿಷ್ಟು ಚೀಟಿಗಳಿಗೆ ಸಾಕಾಯಿತು. ಅವನು ಮುಖ್ಯ ಪರೀಕ್ಷೆಗೂ ಹೀಗೆಯೇ ಓದಿದ. ಅದರ ಫಲ ಏನೇ ಆಗಲಿ, ಈ ಲೇಖನದ ವಿಷಯ ಅದಲ್ಲ. ಕೈಬಿಟ್ಟ ಪಾರಾಗಳಲ್ಲಿ ಕೆಲವು ಮರಳಿವೆ. ಕೆಲವು ಇನ್ನೂ ಮೊದಲನೆಯ ಪೆಟ್ಟಿಗೆಯಲ್ಲೇ ಇವೆ. ಅವನು ತಪ್ಪಿದಾಗ ಈಗ ತಲೆ ತಗ್ಗಿಸುವುದಿಲ್ಲ. "ಇದು ನಾಳೆಗೆ" ಎಂದು ಗುರುತು ಹಾಕಿಕೊಳ್ಳುತ್ತಾನೆ.

ಆದುದರಿಂದ ತಂದೆತಾಯಂದಿರಲ್ಲಿ ಎರಡು ವಿನಂತಿ. ಮಗು "ಮರೆತುಹೋಗುತ್ತದೆ" ಎಂದಾಗ ಗದರಬೇಡಿ. ಹಳೆಯ ಮದುವೆ ಕಾರ್ಡುಗಳನ್ನು ತೆಗೆದುಕೊಟ್ಟು ಜೊತೆಯಲ್ಲಿ ಕುಳಿತು ಚೀಟಿ ಕತ್ತರಿಸಿರಿ. ಅಮ್ಮಿಗೆ ಅಕ್ಷರ ಬಾರದಿದ್ದರೂ ಪರವಾಗಿಲ್ಲ. ಮಗಳು ಪ್ರಶ್ನೆಯನ್ನು ಗಟ್ಟಿಯಾಗಿ ಓದಿ, ಚೀಟಿ ತಿರುಗಿಸುವ ಮೊದಲೇ ಉತ್ತರ ಹೇಳಲಿ, ಅಮ್ಮಿ ಕೇಳಿಸಿಕೊಳ್ಳಲಿ. ಕೇಳುವ ಒಂದು ಕಿವಿ ಇದ್ದರೆ ಪ್ರಾಮಾಣಿಕತೆ ಸುಲಭವಾಗುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿಯ ಹತ್ತು ಗಂಟೆಗಿಂತ, ತಿಂಗಳ ಪ್ರತಿದಿನದ ಇಪ್ಪತ್ತು ನಿಮಿಷ ಮೇಲು. ಕಡಿಮೆಯಾದರೂ ನಿರಂತರವಾಗಿ ಮಾಡುವ ಕರ್ಮವೇ ಅಲ್ಲಾಹನಿಗೆ ಹೆಚ್ಚು ಪ್ರಿಯವೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ (ಬುಖಾರಿ, ಮುಸ್ಲಿಮ್).

ಎರಡನೆಯದು: ಮಗುವಿನ ಅಂಕ ಕೇಳುವ ದಿನ ಅದರ ಕುರ್‌ಆನನ್ನೂ ಕೇಳಿರಿ. ಹಾಗೆಯೇ ನಿಮ್ಮದನ್ನೂ. ಬಾಲ್ಯದಲ್ಲಿ ಮದ್ರಸದಲ್ಲಿ ಕಲಿತ ಎಷ್ಟು ಚಿಕ್ಕ ಸೂರಃಗಳು ನಿಮ್ಮಲ್ಲಿ ಈಗ ಉಳಿದಿವೆ? ಎಷ್ಟು ದುಆಗಳು? ತಿಂಗಳಿಂದ ಮಾತಾಡಿಸದ ಅಕ್ಕ, ವರ್ಷದಿಂದ ಬಾಗಿಲು ತಟ್ಟದ ಚಿಕ್ಕಮ್ಮ ಯಾವ ಪೆಟ್ಟಿಗೆಯಲ್ಲಿದ್ದಾರೆ? ನಾವು ಯಾವುದರ ಬಳಿಗೆ ಮರಳಿ ಹೋಗುತ್ತೇವೋ ಅದು ಉಳಿಯುತ್ತದೆ. ಯಾವುದು ಉಳಿದಿದೆಯೋ ಅದರಿಂದ ನಾವು ಯಾವುದನ್ನು ಪ್ರೀತಿಸಿದೆವೆಂದು ತಿಳಿಯುತ್ತದೆ. ಅಲ್ಲಾಹನನ್ನು ಮರೆತವರು ಕೊನೆಗೆ ತಮ್ಮನ್ನು ತಾವೇ ಮರೆಯುವಂತಾಗುತ್ತದೆಂದು ಸೂರಃ ಅಲ್ ಹಶ್ರ್ ಎಚ್ಚರಿಸಿದೆ. ಆ ಮರೆವಿಗೆ ಮರುಪರೀಕ್ಷೆ ಇಲ್ಲ.

ಇಂದು ರಾತ್ರಿ ಮಲಗುವ ಮುನ್ನ ಒಂದು ಕಾಗದದ ಚೂರು ತೆಗೆದುಕೊಳ್ಳಿರಿ. ನಿಮ್ಮಿಂದ ಕೈಬಿಟ್ಟ ಒಂದು ಸೂರಃದ ಹೆಸರನ್ನು ಅದರ ಮೇಲೆ ಬರೆಯಿರಿ. ನಾಳೆ ಫಜ್ರ್ ಬಳಿಕ, ಮುಸ್‌ಹಫ್ ತೆರೆಯುವ ಮೊದಲು, ನೆನಪಿನಿಂದ ಓದಲು ಯತ್ನಿಸಿರಿ. ಬಂದರೆ ಅಲ್‌ಹಮ್ದುಲಿಲ್ಲಾಹ್. ಬಾರದಿದ್ದರೆ ನಾಚಬೇಡಿ, ನಾಳಿದ್ದಿಗೆ ಇಟ್ಟುಕೊಳ್ಳಿರಿ.

ಕಲಿತದ್ದನ್ನು ಉಳಿಸಿಕೊಳ್ಳುವ, ಉಳಿದದ್ದರಂತೆ ನಡೆಯುವ ಭಾಗ್ಯವನ್ನು ಅಲ್ಲಾಹನು ನಮ್ಮೆಲ್ಲರಿಗೂ, ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.